ಇಳಿಯದ ಕೈ

ಅಂಗಡಿಯಿಂದ,
ಅಕ್ಟೋಬರ್ ೧೪

ಮುದ್ದು ಮಗಳೇ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಯಿತೇ? ರೋಗಿಗಳನ್ನು ನೋಡಿಕೊಳ್ಳುವ ಭರದಲ್ಲಿ ಊಟ ಬಿಡಬೇಡ. ನರ್ಸಮ್ಮನೇ ಮಂಚ ಹಿಡಿದರೆ ಚೆನ್ನಾಗಿರುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ. ಅಮ್ಮನೂ ಇದ್ದಾಳೆ. ಈಚೆಗೆ ಅಂಗಿಗಳ ಗುಂಡಿಯ ಕಾಜಾ ಕೂಡ ನಾನೇ ಹೊಲಿಯುತ್ತಿದ್ದೇನೆ. ಅಮ್ಮನ ಕೈಕೆಲಸಕ್ಕೆ ಒಗ್ಗಿದ ಗಿರಾಕಿಗಳು ಮುಖ ಹುಳ್ಳಗೆ ಮಾಡಿಕೊಂಡು ಒಯ್ಯುತ್ತಾರೆ.

ಇಂಟರ್ನೆಟ್ ಏನಾಯಿತು ಎಂದು ನೀನು ಕೇಳಿದ್ದೆ. ಅದರ ಕೇಬಲ್ ಇನ್ನೂ ಸೇತುವೆಯ ಆಚೆಗೇ ನಿಂತಿದೆ. ಈಚೆ ಅಗೆದಿಟ್ಟ ಕಡೆ ಹುಲ್ಲು ಬೆಳೆದು ದನ ಮೇಯುತ್ತಿವೆ. ಕಂಪನಿಯವನನ್ನು ಹಿಡಿದು ಕೇಳಿದೆ. "ನಿಮ್ಮ ನಾಲ್ಕು ಮನೆಗೋಸ್ಕರ ಅಷ್ಟು ದೂರ ಯಾರ್ರೀ ಎಳೀತಾರೆ?" ಅಂದ. ಛಾವಣಿಯ ಮೇಲೆ ಕೂರಿಸುವ ತಟ್ಟೆಯೊಂದಿದೆಯಂತೆ, ಆಕಾಶದಿಂದಲೇ ಹಿಡಿಯುತ್ತದಂತೆ. ಅದರ ತಿಂಗಳ ಬಾಡಿಗೆ ಕೇಳಿ ತೆಪ್ಪಗೆ ಮನೆಗೆ ಬಂದೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ, ಇನ್ನು ಕೊಡುವುದಿಲ್ಲ.

ಕಳೆದ ವಾರ ನಿನ್ನ ಜತೆ ಮಾತಾಡಲು ನೀರಿನ ಟ್ಯಾಂಕಿನ ಗುಡ್ಡ ಹತ್ತಿದೆವಲ್ಲ, ಅದನ್ನು ಹೇಳಬೇಕು. ಕಿವಿ ಕೇಳುವವರಾದರೆ "ಹಲೋ" ಅಂದರೆ ಮುಗಿಯಿತು. ಅಮ್ಮನ ಮಾತೆಲ್ಲ ಕೈಯಲ್ಲೇ, ಅವಳಿಗೆ ನಿನ್ನ ಕೈ ಕಾಣಬೇಕು, ನಿನಗೆ ಅವಳ ಕೈ ಕಾಣಬೇಕು. ವಿಡಿಯೋ ಮಾಡಿ ಕಳಿಸೋಣವೆಂದರೆ ಚಕ್ರ ಸುತ್ತುತ್ತದೆಯೇ ಹೊರತು ಹೋಗುವುದಿಲ್ಲ. ಆವತ್ತು ನೀನು ಎರಡೂ ಕೈ ಎತ್ತಿದ್ದೇ ತಡ, ಚಿತ್ರ ಹಾಗೇ ಕಲ್ಲಾಯಿತು. ನಮ್ಮ ಮನೆಯ ಪದ್ಧತಿ ಗೊತ್ತಲ್ಲ, ಒಬ್ಬರ ಕೈ ಇಳಿಯುವ ತನಕ ಇನ್ನೊಬ್ಬರು ಎತ್ತಬಾರದು. ಎಲ್ಲದಕ್ಕೂ ನಡುವೆ ಬರುತ್ತಿದ್ದ ನಿನಗೆ ಚಿಕ್ಕಂದಿನಲ್ಲಿ ಅವಳೇ ಗದರಿಸಿ ಕಲಿಸಿದ್ದು. ಹಾಗಾಗಿ ಕಾದಳು. ಚಿತ್ರ ನಿಂತುಹೋಗಿದೆ ಕಣೇ ಎಂದು ನಾನು ಸನ್ನೆ ಮಾಡಿದರೆ, ಮಗಳ ಮಾತು ಇನ್ನೂ ಮುಗಿದಿಲ್ಲ ಎಂದು ತಲೆಯಾಡಿಸಿದಳು. ಫೋನಿನ ಚಾರ್ಜ್ ಮುಗಿದು ನೀನು ಮಾಯವಾಗುವವರೆಗೂ ಕೈಕಟ್ಟಿ ನಿಂತೇ ಇದ್ದಳು. ಇಳಿಯುವಾಗ ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ. ನನಗೆ ಅಳು ಬಂತು.

ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿ. ಮೈ ಬೆಚ್ಚಗಿಟ್ಟುಕೊಂಡು ಸುಖವಾಗಿರು ತಾಯಿ.

ನಿನ್ನ ಅಪ್ಪ

ತಾ.ಕ.: ಅಮ್ಮ ಪಕ್ಕದ ಮನೆಗೆ ಹೋಗಿದ್ದಾಳೆ, ಬರುವುದರೊಳಗೆ ಬರೆದುಬಿಡುತ್ತೇನೆ. ಮಗಳಿಗೆ ನಾನೇ ಹೇಳುತ್ತೇನೆ, ನೀವು ಬರೆಯಕೂಡದು ಎಂದು ಆಣೆ ಹಾಕಿಸಿಕೊಂಡಿದ್ದಳು. ಅದಕ್ಕೇ ಗುಡ್ಡ ಹತ್ತಿದ್ದು. ಅವಳ ಬೆರಳುಗಳು ಸೆಟೆದುಕೊಳ್ಳುತ್ತಿವೆ. ಸೂಜಿ ಹಿಡಿಯಲಾಗುತ್ತಿಲ್ಲ. ಇದು ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ನಿನಗೆ ಸದ್ಯಕ್ಕೆ ರಜೆ ಸಿಗದು, ಗೊತ್ತು. ಕೇಬಲ್ ಸೇತುವೆ ದಾಟುವಷ್ಟರಲ್ಲಿ ಅವಳಿಗೆ ಮಾತಾಡಲು ಕೈ ಉಳಿದಿರುವುದಿಲ್ಲ. ನಿನ್ನ ಹೆಸರು ಹೇಳುವಾಗ ಒಂದು ಬೆರಳಿನಿಂದ ಕೆನ್ನೆಯ ಗುಳಿ ಮುಟ್ಟಿ ತೋರಿಸುತ್ತಿದ್ದಳಲ್ಲ, ನಿನ್ನೆ ಅದನ್ನು ಮುಷ್ಟಿಯಲ್ಲೇ ಮಾಡಿದಳು.