ಐವತ್ತನೇ ನಂಬರಿನ ಬೋರ್ಡು

ಹ್ಯಾಚರಿಯ ಹಿಂದಿನ ಕೋಣೆ,
ಗುರುವಾರ, ಹನ್ನೆರಡನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ, ನಿನ್ನ ತಮ್ಮನ ನಮಸ್ಕಾರಗಳು.

ಹೇಗಿದ್ದೀಯಾ? ಮಂಡಿ ನೋವು ಕಡಿಮೆಯಾಯಿತೇ? ಚಿಕ್ಕಮ್ಮನ ಮನೆಯ ಮೆಟ್ಟಿಲುಗಳು ಮೊದಲೇ ಕಡಿದು, ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ಯಾರ ಮಾತೂ ನಿನ್ನ ಕಿವಿಗೆ ಹೋಗುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ. ನಾವೆಲ್ಲ ಚೆನ್ನಾಗಿದ್ದೇವೆ. ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಅತ್ತೆಗೆ ತೋರಿಸಿದ ಮೇಲೆಯೇ ಎಸೆಯುವುದು ಎಂದು ಬೆಂಕಿಪೊಟ್ಟಣದಲ್ಲಿ ಜೋಪಾನ ಮಾಡಿದ್ದಾಳೆ. ನೀನು ಈ ಊರು ಬಿಟ್ಟು ಐದು ತಿಂಗಳಾಯಿತು, ಒಂದು ಸಲವೂ ನನ್ನ ಫೋನ್ ಎತ್ತಿಲ್ಲ. ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೆ ಓದಿಯಾದ ಮೇಲೆ ಹರಿದು ಹಾಕು. ಇನ್ನೊಂದು ಮಾತು, ಮೊದಲಿನಿಂದ ಓದು. ಪುಟ ತಿರುಗಿಸಿ ಕೊನೆಯಲ್ಲಿ ಏನಿದೆ ಎಂದು ಇಣುಕುವ ನಿನ್ನ ಚಾಳಿ ನನಗೆ ಗೊತ್ತಿಲ್ಲದ್ದಲ್ಲ.

ಆ ಮಧ್ಯಾಹ್ನ ಏನಾಯಿತು ಎಂಬುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೂ ಒಂದು ಸಲ ಬರೆದುಬಿಡುತ್ತೇನೆ, ಬರೆದರೆ ನನಗೆ ಧೈರ್ಯ ಬರುತ್ತದೆ. ಕಾವು ಕೊಡುವ ದೊಡ್ಡ ಮಷಿನ್ನಿನಲ್ಲಿ ಹತ್ತೊಂಬತ್ತು ದಿನದ ಮೊಟ್ಟೆಗಳಿದ್ದವು, ಎಂಟು ಸಾವಿರ. ಇನ್ನೆರಡು ದಿನಕ್ಕೆ ಮರಿ. ಒಂದು ಗಂಟೆಯ ಮೇಲೆ ಯಾವಾಗಲೋ ಫ್ಯಾನುಗಳು ನಿಂತವು. ನೀನು ಹಿಂಬಾಗಿಲಲ್ಲಿ ವ್ಯಾನಿನಿಂದ ಮೊಟ್ಟೆ ಟ್ರೇ ಇಳಿಸಿಕೊಳ್ಳುತ್ತಿದ್ದೆ. ಕೂಗಬೇಕಿದ್ದ ಅಲಾರಂ ಕೂಗಲಿಲ್ಲ, ಏಕೆಂದರೆ ಅದನ್ನು ಕೂಗಿಸುವುದೂ ಫ್ಯಾನು ನಡೆಸುವ ಅದೇ ಕಂಟ್ರೋಲ್ ಬೋರ್ಡು. ಆ ವಯಸ್ಸಿನ ಮೊಟ್ಟೆ ತನ್ನ ಬಿಸಿ ತಾನೇ ಹುಟ್ಟಿಸಿಕೊಳ್ಳುತ್ತದೆ, ಗಾಳಿಯಾಡದಿದ್ದರೆ ಒಳಗಿನ ಜೀವ ಬೆಂದು ಹೋಗುತ್ತದೆ ಎಂದು ನನಗೆ ಹೇಳಿಕೊಟ್ಟವಳು ನೀನೇ. ಮೂರು ಗಂಟೆಗೆ ನೀನು ಬಾಗಿಲು ತೆಗೆದೆ. ಒಂದು ಮೊಟ್ಟೆ ಎತ್ತಿ, ಕಣ್ಣು ಮುಚ್ಚಿ, ರೆಪ್ಪೆಗೆ ಒತ್ತಿಕೊಂಡೆ. ಥರ್ಮಾಮೀಟರು ನಾಚುವಷ್ಟು ಸರಿಯಾಗಿ ಬಿಸಿ ಹೇಳುತ್ತಿದ್ದವಳು ಆವತ್ತು ಡಿಗ್ರಿ ಹೇಳಲಿಲ್ಲ. "ಮುಗೀತು ಕಣೋ" ಎಂದೆ, ಅಷ್ಟೇ.

ಮಷಿನ್ನಿನ ಮುಂದಿನ ಪುಟ್ಟ ಪರದೆಯಲ್ಲಿ ಒಂದು ಸಾಲಿತ್ತು: ನಿಲ್ಲಿಸಲು ಆದೇಶ, ಕೊಟ್ಟವರು ಆಪರೇಟರ್. ಆಪರೇಟರ್ ಎಂದರೆ ನೀನು. ಇಪ್ಪತ್ತೆರಡು ವರ್ಷ ಆ ಕೋಣೆಯ ಆಪರೇಟರ್ ನೀನೇ. ವ್ಯಾನ್ ಬಂದ ಗಡಿಬಿಡಿಯಲ್ಲಿ ಏನೋ ಒತ್ತಿ ಹೋಗಿದ್ದಾಳೆ ಎಂದು ಯಜಮಾನರು ತೀರ್ಮಾನಿಸಿದರು. "ನಾನು ಮುಟ್ಟೇ ಇಲ್ಲ" ಎಂದು ನೀನು ಎಷ್ಟು ಸಲ ಹೇಳಿದೆ! ನಿನ್ನ ಪಕ್ಕದಲ್ಲಿ ನಿಂತಿದ್ದ ನಾನು, ಈ ಜಾಗದ ದೊಡ್ಡ ಟೆಕ್ನಿಷಿಯನ್, "ಬೋರ್ಡು ಸುಳ್ಳು ಹೇಳಲ್ಲ ಅಕ್ಕಾ, ಸುಮ್ನೆ ಒಪ್ಕೊಂಡ್ಬಿಡು" ಎಂದೆ. ತಪ್ಪೊಪ್ಪಿಗೆಯ ಕಾಗದ ಟೈಪ್ ಮಾಡಿಸಿ ತಂದವನೂ ನಾನೇ, ಪೆನ್ನು ಕೊಟ್ಟವನೂ ನಾನೇ. ನೀನು ಸಹಿ ಹಾಕಿದೆ. ಮರುದಿನ ಬಟ್ಟೆ ಕಟ್ಟಿಕೊಂಡು ಹೊರಟೆ. ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದವಳು ನನ್ನ ಕಣ್ಣೆದುರಿಗೇ ಕಳ್ಳಿಯ ಹಾಗೆ ಹಿಂಬಾಗಿಲಿನಿಂದ ಹೋದಳು.

ಈಗ ಹೊಸ ಮಷಿನ್ ಬಂದಿದೆ. ಹಳೆಯ ಕಂಟ್ರೋಲ್ ಡಬ್ಬಿಯನ್ನು ಕಿತ್ತು ಕೊಂಡೊಯ್ಯಲು ಫಿಟ್ಟರುಗಳು ಇವತ್ತು ಹನ್ನೆರಡಕ್ಕೆ ಬರುತ್ತಾರೆ ಎಂದು ಮೊನ್ನೆ ತಿಳಿಯಿತು. ಮನೆಯಲ್ಲಿ ಊಟ ಮಾಡುತ್ತಾ ಹಾಗೇ ಮಾತಿಗೆ ಹೇಳಿದೆ. ನನ್ನವಳು ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. "ಅಕ್ಕ ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ. ನೀವು ಒಂದು ದಿನನಾದ್ರೂ ಆ ಡಬ್ಬಿ ಒಳಗೆ ಏನು ಬರ್ಕೊಂಡಿದೆ ಅಂತ ನೋಡಿದ್ರಾ?" ಎಂದಳು. ನೋಡಿರಲಿಲ್ಲ, ಅಕ್ಕಾ. ಪರದೆಯ ಮೇಲಿನ ಒಂದು ಸಾಲನ್ನೇ ವೇದವಾಕ್ಯ ಎಂದುಕೊಂಡಿದ್ದೆ. ಒಳಗಿನ ಬೋರ್ಡು ಅಂಗೈಯಗಲದ್ದಾದರೂ ಪೂರ್ತಿ ಕಂಪ್ಯೂಟರೇ. ದೊಡ್ಡ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸೇ ಅದರಲ್ಲೂ ಓಡುತ್ತದೆ. ಯಾವ ಗಂಟೆಗೆ ಯಾರು ಏನು ಹೇಳಿದರು ಎಂದು ಆರು ತಿಂಗಳವರೆಗೆ ದಿನಚರಿ ಬರೆದುಕೊಳ್ಳುತ್ತದೆ. ಅದನ್ನು ಓದಬೇಕಿತ್ತು, ಇವತ್ತು ಹನ್ನೆರಡರೊಳಗೆ. ಆಮೇಲೆ ಡಬ್ಬಿ ಗುಜರಿಗೆ, ನಿನ್ನ ಹೆಸರು ಇದ್ದಲ್ಲೇ.

ಹತ್ತು ಗಂಟೆಗೆ ಕೂತೆ. ಹೊಸ ವೈರಿಂಗ್ ಮಾಡಲು ಫಿಟ್ಟರುಗಳು ನಿನ್ನೆಯೇ ಹಳೆಯ ನೆಟ್‌ವರ್ಕ್ ಕೇಬಲುಗಳನ್ನೆಲ್ಲ ಎಳೆದು ಸುರುಳಿ ಸುತ್ತಿ ಮೂಲೆಗೆ ಹಾಕಿದ್ದರು. ಹಾಗಾಗಿ ನನ್ನ ಕೋಣೆಯಿಂದ ನೋಡುವಂತಿರಲಿಲ್ಲ, ಮಷಿನ್ನಿನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಬೋರ್ಡಿಗೂ ನನ್ನ ಲ್ಯಾಪ್‌ಟಾಪಿಗೂ ನೇರ ಒಂದು ಕೇಬಲು ಚುಚ್ಚಬೇಕು. ಭಯ ಏನೆಂದರೆ, ಆ ಮಷಿನ್ನಿನಲ್ಲಿ ಆಗಿನ್ನೂ ಹದಿನೇಳು ದಿನದ ಮೊಟ್ಟೆಗಳಿದ್ದವು. ಫ್ಯಾನು ಗುಂಯ್ ಎನ್ನುತ್ತಲೇ ಇತ್ತು. ನನ್ನ ಕೈ ತಪ್ಪಿದರೆ, ಒಂದು ಆದೇಶ ಹೆಚ್ಚುಕಡಿಮೆಯಾದರೆ, ಇನ್ನೊಂದು ಎಂಟು ಸಾವಿರ ಹೋಗುತ್ತದೆ. ಈ ಸಲ ಸಹಿ ಹಾಕಲು ಅಕ್ಕ ಇಲ್ಲ.

ಸುರುಳಿಯಿಂದ ಒಂದು ಕೇಬಲು ಎಳೆದುಕೊಂಡೆ. ಅದರ ತುದಿಯ ಕೊಕ್ಕೆ ಮುರಿದಿತ್ತು. ಚುಚ್ಚಿದರೆ ದೀಪ ಹತ್ತುತ್ತದೆ, ಕೈ ಬಿಟ್ಟರೆ ಆರುತ್ತದೆ. ಸರಿ, ಎಡಗೈ ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು ಬಲಗೈಯಲ್ಲೇ ಟೈಪ್ ಮಾಡಿದೆ. ಲ್ಯಾಪ್‌ಟಾಪು ಸುಮ್ಮನೆ ಕಾಯುತ್ತಾ ಕೂತಿತು. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು, ಬೀದಿಯಲ್ಲಿ ಮನೆ ನಂಬರು ಇದ್ದ ಹಾಗೆ. ಮಾಮೂಲಿ ಆ ನಂಬರನ್ನು ಹಂಚುವುದಕ್ಕೆ ನಡುವೆ ಒಂದು ಪೆಟ್ಟಿಗೆ ಇರುತ್ತದೆ. ಈಗ ತಂತಿಯ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಬೋರ್ಡು, ಹಂಚುವವರು ಯಾರೂ ಇಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು ಬಾಯಿ ಬಿಡದೆ ಕೂತಿದ್ದೆವು, ನೀನೂ ನಾನೂ ಆ ಕೊನೆಯ ರಾತ್ರಿ ಊಟಕ್ಕೆ ಕೂತ ಹಾಗೆ.

ನನ್ನ ಲ್ಯಾಪ್‌ಟಾಪಿಗೆ ನಾನೇ ಕೈಯಾರೆ ವಿಳಾಸ ಕೊಟ್ಟೆ. ಬೋರ್ಡಿನ ನಂಬರು ಡಬ್ಬಿಯ ಮುಚ್ಚಳದ ಮೇಲೆ ನನ್ನದೇ ಕಾಗೆಕಾಲಿನ ಅಕ್ಷರದಲ್ಲಿತ್ತು: ಐವತ್ತು. ಐವತ್ತನ್ನು ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಇಲ್ಲ. ಹನ್ನೊಂದು ಕಾಲು ಆಗಿತ್ತು. ಹೆಬ್ಬೆರಳು ಜೋಮು ಹಿಡಿದಿತ್ತು. ಅಂಗಳದಲ್ಲಿ ಯಾವುದೋ ಗಾಡಿ ನಿಂತ ಸದ್ದಾಯಿತು, ಕತ್ತು ಚಾಚಿ ನೋಡಿದರೆ ನೀರಿನ ಗಾಡಿ. ನಾನೇ ನನಗೆ ನಾಲ್ಕು ಬೈದುಕೊಂಡು ಪರದೆಯನ್ನು ಮತ್ತೆ ನೋಡಿದೆ. ಗಾಬರಿಯಲ್ಲಿ ಒಂದು ಅಂಕಿ ತಪ್ಪು ಹೊಡೆದು, ನನ್ನ ಲ್ಯಾಪ್‌ಟಾಪನ್ನು ಬೇರೆಯೇ ಬೀದಿಯಲ್ಲಿ ಕೂರಿಸಿ ಇಲ್ಲಿಂದ ಕೂಗುತ್ತಿದ್ದೆ! ತಿದ್ದಿದೆ. ಕರೆದೆ. ಐವತ್ತು ಓಗೊಟ್ಟಿತು. ಪಾಸ್‌ವರ್ಡ್ ಎರಡು ಸಲ ತಪ್ಪಿತು, ಮೂರನೆಯದಕ್ಕೆ ಒಳಗೆ ಬಿಟ್ಟಿತು. ಓದುವುದು ಬಿಟ್ಟು ಬೇರೇನನ್ನೂ ಮಾಡಬಾರದು ಎಂದು ಮಗುವಿಗೆ ಹೇಳುವ ಹಾಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದೊಂದು ಆದೇಶವನ್ನೂ ಬರೆದು, ಮೂರು ಸಲ ಓದಿ, ಆಮೇಲೆ ಒತ್ತಿದೆ.

ಸಿಕ್ಕಿತು, ಅಕ್ಕಾ. ಆ ದಿನ, ಒಂದು ಗಂಟೆ ಹತ್ತು ನಿಮಿಷ. ನಿಲ್ಲಿಸಲು ಆದೇಶ, ಆಪರೇಟರ್. ಅದರ ಪಕ್ಕದಲ್ಲೇ ಪುಟ್ಟ ಪರದೆಯಲ್ಲಿ ಹಿಡಿಸದೇ ಇದ್ದ ಇನ್ನೊಂದು ಮಾತು: ಆದೇಶ ಬಂದದ್ದು ಮುಂದಿನ ಗುಂಡಿಗಳಿಂದಲ್ಲ, ತಂತಿಯ ಮೂಲಕ. ನೀನು ಜನ್ಮದಲ್ಲಿ ತಂತಿಯ ಮೂಲಕ ಆ ಬೋರ್ಡಿನೊಂದಿಗೆ ಮಾತಾಡಿದವಳಲ್ಲ. ನೀನು ಮುಟ್ಟಿರಲಿಲ್ಲ! ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅತ್ತದ್ದನ್ನು ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಹೇಗಾಯಿತು ಎಂದರೆ, ಒಂದು ಬೋರ್ಡು ಕೆಟ್ಟರೆ ಇರಲಿ ಎಂದು ಆ ವಾರ ಅಂಥದ್ದೇ ಇನ್ನೊಂದು ಬೋರ್ಡು ತಯಾರಾಗುತ್ತಿತ್ತು. ಹಳೆಯದರ ಪಡಿಯಚ್ಚು. ಅದೇ ಪಾಸ್‌ವರ್ಡು, ಅದೇ ಐವತ್ತನೇ ನಂಬರು. ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆ. ಆ ಮನೆಗೆ ಹೋಗಬೇಕಾದ ಮಾತು ಈ ಮನೆಗೆ ಬಂದುಬಿಟ್ಟಿದೆ. ಯಂತ್ರಗಳ ನಡುವೆ ಆದ ಎಡವಟ್ಟು, ಯಾರದೂ ತಪ್ಪಲ್ಲ. ಆ ಪುಟವನ್ನು ಎರಡು ಪ್ರತಿ ಮುದ್ರಿಸಿಕೊಂಡಿದ್ದೇನೆ, ಒಂದು ಇದರ ಜೊತೆಗಿದೆ. ತಾಂತ್ರಿಕ ದೋಷ ಎಂದು ಹೇಳಿದರೆ ಯಜಮಾನರು ಒಪ್ಪಿಯೇ ಒಪ್ಪುತ್ತಾರೆ. ನಿನ್ನ ತಪ್ಪೊಪ್ಪಿಗೆಯನ್ನು ಅವರೇ ಹರಿದು ಹಾಕಿ ನಿನಗೆ ಹೇಳಿ ಕಳಿಸಿದರೂ ಆಶ್ಚರ್ಯವಿಲ್ಲ. ನೀನು ಹೋದ ಮೇಲೆ ಬಂದವನಿಗೆ ಕೆಟ್ಟ ಮೊಟ್ಟೆಗೂ ಒಳ್ಳೆಯ ಮೊಟ್ಟೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ದೀಪಕ್ಕೆ ಹಿಡಿದು ಬೆಪ್ಪನ ಹಾಗೆ ನೋಡುತ್ತಾನೆ.

ಹನ್ನೆರಡಕ್ಕೆ ಸರಿಯಾಗಿ ಫಿಟ್ಟರುಗಳು ಬಂದರು. ಮೊಟ್ಟೆಗಳನ್ನು ಹೊಸ ಮಷಿನ್ನಿಗೆ ಸಾಗಿಸಿಯಾಯಿತು, ಈಗ ಡಬ್ಬಿ ಬಿಚ್ಚುತ್ತಿದ್ದಾರೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ. ನನ್ನವಳು ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಮಗಳು ಅತ್ತೆಗೆ ಮುತ್ತು ಕೊಟ್ಟಿದ್ದಾಳೆ. ನಿನ್ನ ಆಶೀರ್ವಾದ ನಮ್ಮ ಮೇಲಿರಲಿ.

ಇಂತಿ,
ನಿನ್ನ ಕೈಯಲ್ಲೇ ಬೆಳೆದ
ತಮ್ಮ

ಲಕೋಟೆ ಅಂಟಿಸುವ ಮೊದಲು: ಅಕ್ಕಾ, ಮೇಲೆ ಯಾರದೂ ತಪ್ಪಲ್ಲ ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಜೊತೆಗಿರುವ ಪುಟದಲ್ಲಿ ಆದೇಶ ಯಾವ ನಂಬರಿನಿಂದ ಬಂತು ಎಂದೂ ಇದೆ. ಏಳು. ಏಳು ನನ್ನ ಲ್ಯಾಪ್‌ಟಾಪು. ಎರಡನೇ ಬೋರ್ಡು ತಾನಾಗಿ ತಯಾರಾಗಲಿಲ್ಲ, ನಾನೇ ಮಾಡಿದೆ, ನಂಬರು ಬದಲಿಸುವುದಕ್ಕೆ ಸೋಮಾರಿತನ ಮಾಡಿದೆ. ನಿನ್ನ ಹೆಸರಿನಲ್ಲೇ ಒಳಗೆ ಹೋಗುವುದು ಸುಲಭ ಎಂದು ಹಾಗೇ ಹೋಗುತ್ತಿದ್ದೆ. ಆವತ್ತು ಊಟಕ್ಕೆ ಏಳುವ ಮುಂಚೆ ನನ್ನ ಮೇಜಿನ ಮೇಲಿದ್ದ ಆ ಎರಡನೇ ಬೋರ್ಡಿಗೆ ಆರಿಹೋಗು ಎಂದು ಒತ್ತಿದೆ. ಅದು ಆರಲಿಲ್ಲ. ಹಾಳಾಗಿ ಹೋಗು ಎಂದು ವೈರು ಕಿತ್ತು ಊಟದ ಡಬ್ಬಿ ಹಿಡಿದು ಹೊರಟೆ. ಆರಿದ್ದು ಮಷಿನ್ನಿನ ಬೋರ್ಡು. ಮೂರು ಗಂಟೆಗೆ ನೀನು ಎಲ್ಲರಿಗಿಂತ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ಮಧ್ಯಾಹ್ನ ಏನೋ ಆರ್ತಾ ಇಲ್ಲ ಅಂತ ಗೊಣಗ್ತಿದ್ದೆಯಲ್ಲ, ಅದಕ್ಕೂ ಇದಕ್ಕೂ ಏನಾದ್ರೂ ಇದೆಯೇನೋ?" ಎಂದು ಕೇಳಿದೆ. ನಿನಗೇನು ಗೊತ್ತಾಗುತ್ತೆ ಎಂದು ನಾನು ಎಲ್ಲರ ಮುಂದೆ ನಿನ್ನ ಮೇಲೆ ಹಾರಿಬಿದ್ದೆ. ಆಮೇಲೆ ನೀನು ಆ ಮಾತು ಎತ್ತಲೇ ಇಲ್ಲ. ಯಜಮಾನರಿಗೂ ಹೇಳಲಿಲ್ಲ, ನನ್ನವಳಿಗೂ ಹೇಳಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಸಹಿ ಹಾಕಿದೆ. ಗೊತ್ತಿದ್ದೇ ಹಾಕಿದೆಯಾ, ಅಕ್ಕಾ? ಯಜಮಾನರು ಒಳಗೆ ಕೂತಿದ್ದಾರೆ. ಅವರಿಗೆ ಈ ಎರಡನೇ ಪ್ರತಿ ಕೊಟ್ಟು ಇಷ್ಟನ್ನೂ ಹೇಳಬೇಕು. ಆದರೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲ, ಬಾಗಿಲ ತನಕ ಹೋಗಿ ವಾಪಸ್ ಬಂದೇನು. ಅದಕ್ಕೇ ಈ ಕಾಗದವನ್ನು ಮೊದಲು ಅಂಚೆ ಡಬ್ಬಿಗೆ ಹಾಕಿ, ಆಮೇಲೆ ಒಳಗೆ ಹೋಗುತ್ತೇನೆ.