ನಾಲ್ಕು ತೂತು, ಒಂದು ಪಿನ್

ಬೈಂಡಿಂಗ್ ಅಂಗಡಿಯಿಂದ
ತಾರೀಖು ೧೪, ಮಂಗಳವಾರ

ಮಗಳೇ,

ನೀನು, ಅಳಿಯಂದಿರು ಕ್ಷೇಮವೆಂದು ತಿಳಿದಿದ್ದೇನೆ. ವಾರದಿಂದ ನಿನ್ನ ಫೋನು ಎತ್ತಿಲ್ಲ, ಪತ್ರಕ್ಕೂ ಉತ್ತರ ಬರೆದಿಲ್ಲ, ತಪ್ಪಾಯಿತು. ಫೋನಿನಲ್ಲಿ ಬೈದರೆ ಅತ್ತು ತಪ್ಪಿಸಿಕೊಳ್ಳುತ್ತೀಯ. ಕಾಗದದ ಮುಂದೆ ಎಷ್ಟು ಅತ್ತರೂ ಅದು ಸುಮ್ಮನಾಗುವುದಿಲ್ಲ.

ಆಪರೇಷನ್ನಿನ ಗಾಯ ಒಣಗಿದೆ. ಒಂದೇ ಕಿಡ್ನಿಯಲ್ಲಿ ಇಬ್ಬರ ಕೆಲಸ ನಡೆಯುತ್ತಿದೆ, ನಮ್ಮ ಅಂಗಡಿಯ ಹಾಗೆ. ನೀನು ತಿಂಗಳು ರಜೆ ಹಾಕಿ ನನ್ನ ಬೆನ್ನು ಒರೆಸಿದ್ದು ಮರೆತಿಲ್ಲ. ಭಾರ ಎತ್ತಬಾರದೆಂದಿದ್ದಾರಲ್ಲ, ಹೋದ ವಾರ ಕೈ ಸುಮ್ಮನಿರಲಾರದೆ ನನ್ನ ಆಸ್ಪತ್ರೆ ಕಾಗದಗಳಿಗೇ ರಟ್ಟು ಹಾಕೋಣವೆಂದು ಕೂತೆ. ಗಡ್ಡೆ ಪರೀಕ್ಷೆಯ ವರದಿಯ ಪಿನ್ ಕಿತ್ತರೆ, ಮೂಲೆಯಲ್ಲಿ ನಾಲ್ಕು ತೂತು! ಒಂದು ಪಿನ್ನಿಗೆ ಎರಡೇ ಕಾಲು ತಾನೆ? ಯಾರೋ ಪಿನ್ ಬಿಚ್ಚಿ, ಹಾಳೆ ತೆಗೆದು, ಮತ್ತೆ ಹೊಡೆದಿದ್ದಾರೆ. ಕಾಗದ ಕೂದಲೆಳೆಯಷ್ಟೂ ಹರಿದಿಲ್ಲ. ಅಂಥ ಕೈ ಈಗ ಉಳಿದಿರುವುದು ಎರಡೇ. ಒಂದು ನನ್ನದು. ಇನ್ನೊಂದಕ್ಕೆ ಕಲಿಸಿದವಳೂ ನಾನೇ.

ಲ್ಯಾಬಿನ ಕೌಂಟರಿನವನು, "ನಾಲ್ಕು ಪುಟ ಅಮ್ಮಾ, ನಿಮ್ಮ ಮಗಳು ಸೈನ್ ಮಾಡಿ ತಗೊಂಡಿದ್ದಾರಲ್ಲ," ಅಂದ.

"ತಗೊಂಡಿದ್ದು ನಾಲ್ಕು, ಮನೆಗೆ ಬಂದಿದ್ದು ಮೂರು ಕಣಪ್ಪ. ಉಳಿದಿದ್ದು ಕೊಡು."

ಆ ಹಾಳೆ ಹಿಡಿದು ನೇರ ಕ್ಯಾನ್ಸರ್ ಡಾಕ್ಟರಮ್ಮನ ಮುಂದೆ ಕೂತೆ.

"ನಮ್ಮ ಮೈಯಲ್ಲಿ ಕಾವಲು ಕಾಯೋ ಕಣಗಳಿರ್ತವೆ," ಅಂದರು. "ನಿಮ್ಮ ಗಡ್ಡೆಯ ಕೆಲವು ಕಣಗಳ ಮೇಲೆ ಒಂದು ಗುರುತು ಸಿಕ್ಕಿದೆ. ಅದನ್ನ ಕಂಡ್ರೆ ಕಾವಲಿನವರು ಕೈಕಟ್ಟಿ ನಿಂತುಬಿಡ್ತಾರೆ."

"ಅಂದ್ರೆ ಕಳ್ಳನ ಎದೆ ಮೇಲೆ ಪೊಲೀಸ್ ಬಿಲ್ಲೆ."

ನಕ್ಕರು. "ಹಾಗೇ ಅನ್ನಿ. ಕಿಡ್ನಿ ಕ್ಯಾನ್ಸರಿನಲ್ಲಿ ಈ ಗುರುತು ಇದ್ದವರಿಗೆ ರೋಗ ಮರಳಿ ಬರೋ ಸಂಭವ ಜಾಸ್ತಿ. ಆದ್ರೆ ಅದು ನೂರಾರು ಜನರ ಸರಾಸರಿ. ನಿಮ್ಮೊಬ್ಬರ ಹಣೆಬರಹ ಅಲ್ಲ."

"ಹಾಗಾದ್ರೆ ಮುಂದೇನು?"

"ಕಾವಲಿನವರನ್ನ ಎಬ್ಬಿಸೋ ಇಂಜೆಕ್ಷನ್ ಇದೆ. ಆಪರೇಷನ್ ಆಗಿ ಹನ್ನೆರಡು ವಾರದೊಳಗೆ ಶುರುಮಾಡಬೇಕು. ಮೂರನೇ ವಾರವೇ ನಿಮ್ಮ ಮಗಳಿಗೆ ಹೇಳಿದ್ದೆ. ಅಮ್ಮನಿಗೆ ಬೇಡವಂತೆ ಅಂದ್ರು."

ಬೇಡವಂತೆ! ಯಾವ ಅಮ್ಮ ಅಂದಳೇ ಹಾಗಂತ? ಅಷ್ಟು ಹೊತ್ತಿಗೆ ಒಂಬತ್ತು ವಾರ ದಾಟಿತ್ತು. ನನ್ನ ಆರು ವಾರ ನುಂಗಿ ನೀರು ಕುಡಿದು, ದಿನಾ ಫೋನಿನಲ್ಲಿ "ಊಟ ಆಯ್ತಾ ಅಮ್ಮಾ" ಅಂತಿದ್ದೆಯಲ್ಲ!

ಅಳಿಯಂದಿರನ್ನು ಕೇಳಿದರೆ, "ಅತ್ತೆ, ಗೊತ್ತಾದ್ರೆ ನೀವು ಕುಸಿದುಹೋಗ್ತೀರಿ ಅಂತ ಅವಳು..." ಎಂದು ತಡವರಿಸಿದರು. ಕುಸಿಯೋದಾ? ಈ ಅಂಗಡಿಯ ಕಸ ಗುಡಿಸಲು ಬಂದವಳು ಒಡತಿಯಾಗಿ ಕೂತಿದ್ದೇನೆ. ಕೋರ್ಟಿನ ರಿಜಿಸ್ಟರಿನಲ್ಲಿ ಒಂದು ಹಾಳೆ ಹಿಂದುಮುಂದಾದರೆ ಜಡ್ಜಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನನ್ನ ಆಯಸ್ಸಿನ ಹಾಳೆ ಓದಲು ನಾನೇ ನಾಲಾಯಕ್ಕಾದೆನೇ?

ಆ ಔಷಧಿ ಫಲಿಸದೆಯೂ ಇರಬಹುದು. ಎದ್ದ ಕಾವಲಿನವರು ನನ್ನ ಮೇಲೇ ತಿರುಗಿಬಿದ್ದು ಕರುಳು, ಚರ್ಮ ಕೆಡಿಸಬಹುದಂತೆ. ಎಲ್ಲ ಕೇಳಿಕೊಂಡೆ. ಬೇಡವೆನ್ನುವುದಾದರೂ ಅದನ್ನು ನಾನು ಅನ್ನಬೇಕಿತ್ತು. ಬೇಕು ಅಂದಿದ್ದೇನೆ. ಸೋಮವಾರ ಮೊದಲನೆಯದು. ಬರುವುದಾದರೆ ಬಾ, ಅಳುಮುಖ ಅಲ್ಲೇ ಬಿಟ್ಟು ಬಾ. ನೀನು ತೆಗೆದ ಹಾಳೆಯನ್ನೂ ತಾ. ಫೈಲು ಇನ್ನೂ ಹೊಲಿದಿಲ್ಲ.

ಸಿಟ್ಟು ಸಿಟ್ಟೇ, ಹಾರೈಕೆ ಹಾರೈಕೆಯೇ. ನಿಮ್ಮಿಬ್ಬರ ಮನೆ ತಣ್ಣಗಿರಲಿ.

ನಿನ್ನ ಅಮ್ಮ

ತಾ.ಕ.: ನಿನ್ನ ಅಪ್ಪನ ಎದೆಯ ಕಾಯಿಲೆಯಲ್ಲಿ ಅವರ ವರದಿಯಿಂದ ನಾನೂ ಒಂದು ಹಾಳೆ ತೆಗೆದಿದ್ದೆ. ಅವರು ತಿರುವಿ ನೋಡಿದರು, ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು. "ಎಲ್ಲ ಸರಿಯಾಗಿದೆ ಬಿಡು," ಎಂದು ನನಗೇ ವಾಪಸ್ಸು ಕೊಟ್ಟರು. ಹನ್ನೊಂದು ವರ್ಷ ನಾನು ಗೆದ್ದೆ ಅಂದುಕೊಂಡಿದ್ದೆ. ನನಗೆ ಪಿನ್ ಹೊಡೆಯಲು ಕಲಿಸಿದವರೇ ಅವರಲ್ಲವೇ? ಆ ತೂತುಗಳು ಅವರ ಹೆಬ್ಬೆರಳಿಗೆ ಸಿಗದೆ ಹೋದವೇ? ಕೊನೆಯ ಮೂರು ತಿಂಗಳು ಆ ಗುಟ್ಟಿನ ಜೊತೆ ಅವರನ್ನು ಒಬ್ಬರನ್ನೇ ಬಿಟ್ಟಿದ್ದೆ, ಪಕ್ಕದಲ್ಲೇ ಕೂತು.