ಇನಿಷ್ ಮೋರ್, ಕೊನೆಯ ಫೆರಿ

18 ಮೇ 2021, ಬ್ಲಾಂಚರ್ಡ್ಸ್‌ಟೌನ್

ಇವತ್ತೂ ಅಡುಗೆಮನೆ ಮೇಜೇ ಆಫೀಸು. ನಂದೀಶನಿಗೆ ಬೆಡ್‌ರೂಮು. ಬಾಗಿಲು ಹಾಕಿಕೊಂಡು ಕಾಲ್ ಮೇಲೆ ಕಾಲ್. ಮೈಸೂರಿಗೆ ಎಷ್ಟು ಸಲ ಫೋನ್ ಮಾಡಿದರೂ ಅಮ್ಮ ಎತ್ತಲಿಲ್ಲ. ಅಣ್ಣನೂ ಎತ್ತಲಿಲ್ಲ. ಅಲ್ಲಿ ನೆಟ್‌ವರ್ಕ್ ಸರಿಯಿಲ್ಲವಂತೆ — ನಂದೀಶ ಹೇಳಿದ.

21 ಮೇ

ಅಮ್ಮ ಹೋಗಿ ಮೂರು ದಿನವಾಯಿತಂತೆ. ಕೋವಿಡ್. ಸುಟ್ಟದ್ದೂ ಆಗಿದೆ. ನನಗೆ ಗೊತ್ತಾದದ್ದು ಇವತ್ತು, ಶಕುಂತಲಾ ಚಿಕ್ಕಮ್ಮ ವಾಟ್ಸಾಪಿನಲ್ಲಿ ಹಾಕಿದ ಫೋಟೋದಿಂದ. ಫೋಟೋಗೆ ಹಾರ ಹಾಕಿತ್ತು.

ಅಮ್ಮ ಆಸ್ಪತ್ರೆ ಸೇರಿದ ದಿನವೇ ಅಣ್ಣ ನಂದೀಶನಿಗೆ ತಿಳಿಸಿದ್ದನಂತೆ. ನವ್ಯಾಗೆ ನಾನೇ ನಿಧಾನವಾಗಿ ಹೇಳ್ತೀನಿ, ಅಲ್ಲೀವರೆಗೂ ನೀವು ಅವಳ ಫೋನ್ ಎತ್ತಬೇಡಿ ಅಂದನಂತೆ ಇವನು.

ಅವನ ಆಫೀಸಿನಲ್ಲಿ ಈ ವಾರ ಸಾಫ್ಟ್‌ವೇರ್ ರಿಲೀಸ್ ಇತ್ತು. ಮನೆಯಲ್ಲಿ ಅಳು ಬೇಡವಾಗಿತ್ತು.

13 ಆಗಸ್ಟ್

ನಾಳೆ ಇನಿಷ್ ಮೋರ್ ದ್ವೀಪಕ್ಕಂತೆ. ರೈಲಿನಲ್ಲಿ ಗಾಲ್ವೇ, ಅಲ್ಲಿಂದ ಬಸ್ಸು, ಆಮೇಲೆ ಫೆರಿ. ಸಂಜೆಗೇ ವಾಪಸ್. ಕೇಳದೆಯೇ ಬುಕ್ ಮಾಡಿದ್ದಾನೆ. ನಿನ್ನ ಮೂಡ್ ಸರಿಹೋಗುತ್ತೆ ಅಂದ. ಮೂಡಂತೆ...

14 ಆಗಸ್ಟ್, ಸಂಜೆ 6, ಕಿಲ್‌ರೋನನ್ ಬಂದರು

ರೈಲಿನಲ್ಲಿ ಮಾಸ್ಕ್ ಇದ್ದದ್ದು ಒಳ್ಳೆಯದೇ ಆಯಿತು. ಮುಖ ತೋರಿಸಬೇಕಿರಲಿಲ್ಲ. ದ್ವೀಪದ ತುಂಬ ಕಲ್ಲುಗೋಡೆ, ಗಾಳಿ. ನಂದೀಶನಿಗೆ ಎರಡನೇ ಡೋಸ್ ಆಗಿಲ್ಲ, ಕೆಫೆಯೊಳಗೆ ಬಿಡಲಿಲ್ಲ. ಹೊರಗೆ ಗೋಡೆ ಮೇಲೆ ಕೂತು ಚಿಪ್ಸ್ ತಿಂದೆವು. ಅಲ್ಲೇ ಕೇಳಿದೆ — ಅಷ್ಟು ದಿನ ನನ್ನ ಪಕ್ಕ ಹೇಗೆ ಮಲಗಿದೆ?

"ಹೇಳಿದ್ರೆ ಏನ್ ಮಾಡ್ತಿದ್ದೆ? ಫ್ಲೈಟ್ ಸಿಕ್ತಿರ್ಲಿಲ್ಲ."

"ಅಳ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಇನ್ನೊಂದು ಚಿಪ್ಸ್ ಬಾಯಿಗಿಟ್ಟ.

ಕೊನೆಯ ಫೆರಿಗೆ ಕ್ಯೂ. ಮೇಲೆ ಸೀಟ್ ಹಿಡಿಯುತ್ತೇನೆಂದು ಅವನು ಮುಂದೆ ಹೋದ. ಟಾಯ್ಲೆಟ್‌ಗೆ ಹೋಗಿ ಬರುತ್ತೇನೆಂದೆ. ಹೋಗಲಿಲ್ಲ. ಸ್ವೆಟರ್ ಅಂಗಡಿಯ ಗೋಡೆಗೆ ಒರಗಿ ನಿಂತೆ. ಹಗ್ಗ ಬಿಚ್ಚಿದರು. ಫೆರಿ ತಿರುಗುವಾಗ ಅವನು ಕಂಬಿ ಹಿಡಿದು ದಡದಲ್ಲೆಲ್ಲ ಹುಡುಕುತ್ತಿದ್ದ. ಕಂಡೆನೇನೋ, ಕೂಗಿದ. ನಾನು ಕೈ ಎತ್ತಲಿಲ್ಲ.

ಬೇಕಂತಲೇ ಉಳಿದೆ, ಚೆನ್ನಾಗಿದ್ದೇನೆ, ಪೊಲೀಸರಿಗೆ ಹೇಳಬೇಡ ಅಂತ ಮೆಸೇಜ್ ಕಳಿಸಿ ಬ್ಲಾಕ್ ಮಾಡಿದೆ.

15 ಆಗಸ್ಟ್, ಬೆಳಿಗ್ಗೆ

ರಾತ್ರಿ ತಂಗಲು ಕೋಣೆ ಕೊಡುವ ಬಿ ಅಂಡ್ ಬಿ ನಡೆಸುವ ಮುದುಕಿಗೂ ನಾನು ಬೇಡವಾಗಿದ್ದೆ. ದೂರ ನಿಲ್ಲು ಅಂದಳು. ಯಾವ ಊರಿಂದ ಬಂದೆ ಅಂತ ಎರಡೆರಡು ಸಲ ಕೇಳಿದಳು. ಕೊನೆಗೆ, ಸರಿ ಅನ್ನುವುದಕ್ಕೆ ಇಲ್ಲಿಯವರು ಹೇಳುವ ಹಾಗೆ, ಗ್ರ್ಯಾಂಡ್ ಅಂದು ಕೀಲಿಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು.

ಆ ಮನೆಗೆ ಹೋಗುವುದಿಲ್ಲ. ಜೊತೆಗೆ ಓದಿದ ರಜನಿ ಗಾಲ್ವೇಯಲ್ಲಿದ್ದಾಳೆ. ಬಾ ಅಂದಿದ್ದಾಳೆ.

ಅಣ್ಣನಿಗೆ ಫೋನ್ ಮಾಡಿದೆ. ನಿನ್ನ ಮೇಲೂ ಸಿಟ್ಟಿದೆ ಅಂದೆ. ಅಮ್ಮನ ಕೊನೆಯ ದಿನ ಹೇಳು, ಏನೂ ಬಿಡಬೇಡ ಅಂದೆ. ಸ್ಪೀಕರ್ ಹಾಕಿ ಬರೆದುಕೊಳ್ಳುತ್ತಿದ್ದೇನೆ.

ಅವತ್ತು ಬೆಳಿಗ್ಗೆ ಸ್ವಲ್ಪ ಗೆಲುವಾಗಿದ್ದಳಂತೆ. ನರ್ಸ್ ಕೈಲಿ ತಲೆ ಬಾಚಿಸಿಕೊಂಡಳಂತೆ. ಅವರದೇ ಫೋನಿನಿಂದ ಅಣ್ಣನಿಗೆ ಕಾಲ್ ಮಾಡಿ, ನವ್ಯಾನ ಒಂದ್ಸಲ ವಿಡಿಯೋದಲ್ಲಿ ತೋರಿಸೋ ಅಂದಳಂತೆ. ಅಣ್ಣ ತಕ್ಷಣ ನಂದೀಶನಿಗೆ ಫೋನ್ ಮಾಡಿದ. ಅದಕ್ಕೆ ಅವನು, ಅವಳು ಮಲಗಿದ್ದಾಳೆ, ಈಗ ಎಬ್ಬಿಸಲ್ಲ ಅಂದನಂತೆ.